ಡಾಕ್ಟರು ಬರೆದುಕೊಟ್ಟ ಬಿಸ್ಕತ್ತು

ಓಟ್ಸ್ ನಮ್ಮ ಮನೆಗಳಿಗೆ ಬಂದದ್ದು ಡಾಕ್ಟರ ಚೀಟಿ ಹಿಡಿದುಕೊಂಡು. ರಾಗಿ, ಜೋಳ, ಸಾಮೆ, ಸಜ್ಜೆ ಯಾವುದೂ ಹಾಗೆ ಬಂದದ್ದಲ್ಲ. ಅವು ಹೊಲದಿಂದ ಬಂದವು, ಸಂತೆಯಿಂದ ಬಂದವು, ತವರಿನಿಂದ ಮೂಟೆ ಕಟ್ಟಿಸಿಕೊಂಡು ಬಂದವು. ಓಟ್ಸ್ ಮಾತ್ರ ರಕ್ತಪರೀಕ್ಷೆಯ ಕಾಗದದ ಬೆನ್ನಿಗೇ ಬಂತು. ಕೊಯಮತ್ತೂರಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಐವತ್ತು ದಾಟಿದವರ ಯಾವ ಮನೆಗಾದರೂ ಹೋಗಿ ಅಡುಗೆಮನೆಯ ಮೇಲಿನ ಗೂಡು ನೋಡಿ. ಅರ್ಧ ಖಾಲಿಯಾದ ಓಟ್ಸ್ ಪೊಟ್ಟಣವೊಂದು, ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಬಾಯಿಗೆ ಸಿಕ್ಕಿಸಿಕೊಂಡು ಕೂತಿರುತ್ತದೆ. ಮೊದಲ ವಾರ ಶ್ರದ್ಧೆಯಿಂದ ಗಂಜಿ, ಎರಡನೆಯ ವಾರ ಉಪ್ಪಿಟ್ಟು, ಮೂರನೆಯ ವಾರ ದೋಸೆ ಹಿಟ್ಟಿನಲ್ಲಿ ಯಾರಿಗೂ ಹೇಳದೆ ಕಲಬೆರಕೆ. ಆಮೇಲೆ ಕ್ಲಿಪ್ಪು.

ಆ ಅರ್ಧ ಪೊಟ್ಟಣಕ್ಕೆ ಸದ್ಗತಿ ಕಾಣಿಸಲು ನನಗೆ ಗೊತ್ತಿರುವ ದಾರಿ ಒಂದೇ. ಬೆಣ್ಣೆ, ಸಕ್ಕರೆ, ಚಾಕೊಲೇಟ್ ತುಂಡು ಸೇರಿಸಿ ಬಿಸ್ಕತ್ತು ಮಾಡುವುದು. ಕುಕ್ಕೀಸ್ ಅನ್ನಬೇಕು ಎಂದು ಮನೆಯ ಮಕ್ಕಳು ತಿದ್ದುತ್ತಾರೆ. ತಿದ್ದುತ್ತಲೇ ತಿನ್ನುತ್ತಾರೆ, ಹಾಗಾಗಿ ನಾನು ಜಗಳಕ್ಕೆ ಹೋಗುವುದಿಲ್ಲ. ಇದರಲ್ಲೊಂದು ಸೊಗಸಾದ ಮೋಸವಿದೆ. ಬರೀ ಚಾಕೊಲೇಟ್ ಬಿಸ್ಕತ್ತು ಮುಂದಿಟ್ಟರೆ "ಅಯ್ಯೋ ಬೇಡ, ಶುಗರ್ರು" ಎಂದು ಕೈ ಹಿಂದಕ್ಕೆಳೆದುಕೊಳ್ಳುವವರು, "ಓಟ್ಸ್ ಹಾಕಿದೀನಿ" ಅಂದ ತಕ್ಷಣ ಎರಡು ತೆಗೆದುಕೊಳ್ಳುತ್ತಾರೆ. ಡಾಕ್ಟರ ಮಾತು ಕೇಳಿದ ಸಮಾಧಾನ, ಬಾಯಿಗೆ ಬೆಣ್ಣೆ. ಇಂಥ ಭಾಗ್ಯ ಗಂಜಿಗೆಲ್ಲಿ ಬರಬೇಕು?

ಬ್ಯಾಂಕಿನಲ್ಲಿ ಕೂತು ನಿವೃತ್ತಳಾದವಳಿಗೆ ಲೆಕ್ಕ ಸುಮ್ಮನಿರಗೊಡುವುದಿಲ್ಲ. ಓಟ್ಸಿನಲ್ಲಿ ಬೀಟಾ ಗ್ಲೂಕನ್ ಎಂಬ ನಾರಿನಂಶವಿದೆ. ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋದರೆ ಕೊಲೆಸ್ಟರಾಲು ಇಳಿಯಲು ಸಹಾಯ ಎಂದು ಪೊಟ್ಟಣದ ಮೇಲೆ ಹೇಳಿಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿಂದಲೇ ಓಟ್ಸಿಗೆ ಹೃದಯದ ಚಿತ್ರ ಅಂಟಿಕೊಂಡದ್ದು. ಈಗ ನನ್ನ ಅಳತೆ ನೋಡಿ. ಇಪ್ಪತ್ತು ಬಿಸ್ಕತ್ತಿಗೆ 130 ಗ್ರಾಂ ಓಟ್ಸ್. ಒಂದರಲ್ಲಿ ಆರೂವರೆ ಗ್ರಾಂ. ಅದರಲ್ಲಿ ಬೀಟಾ ಗ್ಲೂಕನ್ ಶೇಕಡಾ 4ರಂತೆ ಹಿಡಿದರೆ ಕಾಲು ಗ್ರಾಂ ಚಿಲ್ಲರೆ. ಅಂದರೆ ಹೃದಯಕ್ಕೆ ಒಳ್ಳೆಯದಾಗಬೇಕಾದರೆ ದಿನಕ್ಕೆ ಹನ್ನೆರಡು ಬಿಸ್ಕತ್ತು ತಿನ್ನಬೇಕು. ಜೊತೆಗೆ ಸುಮಾರು 70 ಗ್ರಾಂ ಬೆಣ್ಣೆ, 90 ಗ್ರಾಂ ಸಕ್ಕರೆ, 90 ಗ್ರಾಂ ಚಾಕೊಲೇಟು ತಾನಾಗಿ ಒಳಗೆ ಹೋಗುತ್ತದೆ. ಈ ಲೆಕ್ಕವನ್ನು ನಮ್ಮ ಅಪಾರ್ಟ್‌ಮೆಂಟಿನ ಸಂಜೆಯ ವಾಕಿಂಗ್ ಗುಂಪಿನಲ್ಲಿ ಮಂಡಿಸಿದೆ. ಹನ್ನೆರಡು ಎಂಬ ಅಂಕಿಯನ್ನಷ್ಟೇ ಎಲ್ಲರೂ ಮನಸ್ಸಿಟ್ಟು ಕೇಳಿಸಿಕೊಂಡರು.

ಓಟ್ಸ್ ಬಿಸ್ಕತ್ತಿಗೆ ಮಾಡುವ ನಿಜವಾದ ಉಪಕಾರ ಬೇರೆಯೇ. ಮೈದಾ ಒಂದನ್ನೇ ಹಾಕಿದರೆ ಹಿಟ್ಟು ಕಾವಿಗೆ ಕರಗಿ ತಟ್ಟೆಯ ತುಂಬ ಹರಡಿಕೊಳ್ಳುತ್ತದೆ. ಓಟ್ಸಿನ ಚಪ್ಪಟೆ ಕಾಳು ನೀರು ಕುಡಿದು ಉಬ್ಬಿ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ, ಹಲ್ಲಿಗೆ ಒಂದಿಷ್ಟು ಕೆಲಸ ಕೊಡುತ್ತದೆ, ಚಾಕೊಲೇಟಿನ ಅತಿಸಿಹಿಯನ್ನು ತಗ್ಗಿಸುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ್ ಎನ್ನುವವರೆಗೆ ಹುರಿದುಕೊಂಡರಂತೂ ಅದಕ್ಕೊಂದು ವ್ಯಕ್ತಿತ್ವವೇ ಬರುತ್ತದೆ. ಅಗಲ ಕಾಳಿನ ರೋಲ್ಡ್ ಓಟ್ಸ್ ಆಗಬೇಕು. ಪುಡಿಪುಡಿಯಾದ ಇನ್‌ಸ್ಟಂಟ್ ಬಗೆ ಹಾಕಿದರೆ ಹಿಟ್ಟಿನೊಳಗೆ ಕರಗಿ ಹೋಗಿ, ಹಾಕಿದ್ದೇ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಪೊಟ್ಟಣ ತೆಗೆಯುವಾಗ ಕನ್ನಡಕ ಹಾಕಿಕೊಳ್ಳುವುದೂ ಒಳ್ಳೆಯದು, ಇಲ್ಲಿನ ಅಂಗಡಿಗಳಲ್ಲಿ ಅರ್ಧ ಗೂಡು ಮಸಾಲಾ ಓಟ್ಸೇ ತುಂಬಿರುತ್ತದೆ. ಓಟ್ಸ್ ಕಾಳಿನಲ್ಲಿ ಕೊಬ್ಬಿನಂಶ ಹೆಚ್ಚು, ಅದನ್ನು ಬೇಗ ಕೆಡಿಸುವ ಕಿಣ್ವವೂ ಅದರೊಳಗೇ ಇದೆ. ಹಾಗಾಗಿ ಕಾರ್ಖಾನೆಯಲ್ಲಿ ಹಬೆಗೆ ಹಿಡಿದು, ಕಿಣ್ವವನ್ನು ಸಾಯಿಸಿ, ಆಮೇಲೆ ರೋಲರಿನಲ್ಲಿ ಚಪ್ಪಟೆ ಮಾಡುತ್ತಾರೆ. ನಮ್ಮ ಅವಲಕ್ಕಿಯ ದೂರದ ನೆಂಟ ಎನ್ನಬಹುದು. ನಮ್ಮ ದೇಶದಲ್ಲಿ ಇದು ಬೆಳೆಯುವುದು ಬಹುಮಟ್ಟಿಗೆ ಉತ್ತರದ ಚಳಿಗಾಲದಲ್ಲಿ, ಅದೂ ಹೆಚ್ಚಾಗಿ ದನದ ಮೇವಿಗೆ. ಕೊಯಮತ್ತೂರು, ತಿರುಪ್ಪೂರಿನ ಕೆಂಪು ಮಣ್ಣಿಗೆ, ಕಪ್ಪು ಮಣ್ಣಿಗೆ ಇದರ ಪರಿಚಯವಿಲ್ಲ. ಈ ಬಿಸ್ಕತ್ತಿನಲ್ಲಿ ನಿಜವಾದ ಪರದೇಶಿ ಓಟ್ಸ್ ಒಂದೇ. ಉಳಿದವರೆಲ್ಲ ಊರವರು.

ಊರವರು ಎಂದೆ. ನಾನು ಕೊಳ್ಳೇಗಾಲದವಳು. ಕೊಳ್ಳೇಗಾಲದವರಿಗೆ ಕೊಯಮತ್ತೂರು ಪರವೂರು ಅಲ್ಲ. 1956ರ ನವೆಂಬರ್ ಒಂದನೇ ತಾರೀಖಿನವರೆಗೆ ನಮ್ಮ ತಾಲ್ಲೂಕು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಜಮೀನಿನ ತಕರಾರು ಬಂದರೆ ನಮ್ಮ ತಾತ ಕಲೆಕ್ಟರ ಕಚೇರಿಗೆಂದು ಇಲ್ಲಿಗೇ ಬರಬೇಕಾಗಿತ್ತು. ಮೈಸೂರು ಅವರ ಪಾಲಿಗೆ ದಸರಾ ನೋಡುವ ಊರು, ಕೊಯಮತ್ತೂರು ಸರ್ಕಾರ ಇರುವ ಊರು. ಮದುವೆಯಾಗಿ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ನಾನು ಇಲ್ಲಿಗೆ ಬಂದಾಗ ಅಜ್ಜಿ, "ನಮ್ಮ ಜಿಲ್ಲೆಗೇ ಕೊಟ್ಟಿದೀವಿ ಬಿಡು" ಎಂದು ಸಮಾಧಾನ ಮಾಡಿಕೊಂಡರು. ಜಿಲ್ಲೆ ಬದಲಾಗಿ ಎಷ್ಟು ವರ್ಷವಾಗಿದ್ದರೂ ಅವರ ಭೂಪಟ ಹಳೆಯದೇ. ಬಂದು ನೋಡಿದರೆ ಇಲ್ಲೂ ಕನ್ನಡವೇ. ರಾಜಬೀದಿಯ ಚೌಡೇಶ್ವರಿ ಗುಡಿಯ ಸುತ್ತಮುತ್ತ, ನೆಗಮಂ ಕಡೆಯ ಮಗ್ಗದ ಊರುಗಳಲ್ಲಿ, ದೇವಾಂಗದವರು ಮನೆಯೊಳಗೆ ಕನ್ನಡ ಆಡುತ್ತಾರೆ. ಓದುವುದು ಬರೆಯುವುದು ತಮಿಳು. ನಮ್ಮ ಎದುರು ಮನೆಯ ಅಮ್ಮನೂ ನೆಗಮಂ ಕಡೆಯ ನೇಕಾರರ ಮನೆಯವರು. ಅವರ ಮಾತು ಆಮೇಲೆ ಬರುತ್ತದೆ.

ಮೊದಲು ಬೆಣ್ಣೆ. ಈರೋಡಿನಿಂದ ತಿರುಪ್ಪೂರಿಗೆ ಬರುವ ರೈಲಿನ ದಾರಿಯಲ್ಲಿ ಊತ್ತುಕುಳಿ ಎಂಬ ಸಣ್ಣ ಸ್ಟೇಷನ್ನಿದೆ. ಈಗ ತಿರುಪ್ಪೂರು ಜಿಲ್ಲೆ. ಕೊಯಮತ್ತೂರು ಸುತ್ತಿನ ಈ ಕೊಂಗುನಾಡಿನಲ್ಲಿ ಬೆಣ್ಣೆ, ತುಪ್ಪ ಅಂದರೆ ಊತ್ತುಕುಳಿ. ಬೇರೆ ಊರಿನ ಅಂಗಡಿಯವರೂ ಬೋರ್ಡಿನ ಮೇಲೆ ಆ ಹೆಸರನ್ನೇ ಬರೆಸುತ್ತಾರೆ. ಉಪ್ಪು, ಬಣ್ಣ ಯಾವುದೂ ಇಲ್ಲದ ಬಿಳಿ ಬೆಣ್ಣೆ. ಬಿಸ್ಕತ್ತಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಬಿಳಿ ಬೆಣ್ಣೆಯಲ್ಲಿ ನೀರು ಜಾಸ್ತಿ. ನೀರು ಮೈದಾಕ್ಕೆ ಸಿಕ್ಕರೆ ಅಂಟು ಹುಟ್ಟುತ್ತದೆ, ಬಿಸ್ಕತ್ತು ಬನ್ನಿನ ಕಡೆಗೆ ವಾಲುತ್ತದೆ. ಆದ್ದರಿಂದ ನಾನು ಬೆಣ್ಣೆಯನ್ನು ಒಲೆಯ ಮೇಲಿಟ್ಟು ಕಾಯಿಸುತ್ತೇನೆ. ಚಟಪಟ ಸದ್ದು ನಿಂತು, ನೊರೆ ಇಳಿದು, ತಳದ ಗಷ್ಟು ಹೊಂಬಣ್ಣಕ್ಕೆ ತಿರುಗಿದ ಕ್ಷಣದಲ್ಲಿ ಇಳಿಸಿಬಿಡಬೇಕು. ಅಮೆರಿಕದ ಅಡುಗೆ ಪುಸ್ತಕಗಳಲ್ಲಿ ಬ್ರೌನ್ ಬಟರ್ ಎಂದು ಇದನ್ನು ದೊಡ್ಡ ಗುಟ್ಟು ಹೇಳುವ ಹಾಗೆ ಬರೆದಿರುತ್ತಾರೆ. ತುಪ್ಪ ಕಾಯಿಸಿದ ಪಾತ್ರೆಗೆ ಅನ್ನ ಹಾಕಿಸಿಕೊಂಡು, ಗಷ್ಟನ್ನು ಕೆರೆದು ತಿಂದು ಬೆಳೆದವರಿಗೆ ಇದರಲ್ಲಿ ಗುಟ್ಟೇನಿದೆ? ಒಂದೇ ಎಚ್ಚರಿಕೆ. ಇಲ್ಲಿ ಬೆಣ್ಣೆ ಕಾಯುವ ವಾಸನೆ ಬಂದರೆ ಯಾರಾದರೂ ಬಂದು ಅಭ್ಯಾಸಬಲದಿಂದ ಒಂದು ಹಿಡಿ ನುಗ್ಗೆಸೊಪ್ಪು ಹಾಕಿಬಿಡುತ್ತಾರೆ. ತುಪ್ಪಕ್ಕೆ ಅದು ಭೂಷಣ. ಚಾಕೊಲೇಟಿಗೆ ಬೇಡ.

ಸಕ್ಕರೆಯ ವಿಷಯದಲ್ಲಿ ಕೊಯಮತ್ತೂರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಬ್ಬಿನ ತಳಿ ಸಂಶೋಧನೆಯ ಸಂಸ್ಥೆ ಇಲ್ಲಿ ಶುರುವಾದದ್ದು 1912ರಲ್ಲಿ. ಬೇರೆ ಕಡೆ ಹೂ ಬಿಡಲು ಸತಾಯಿಸುವ ಕಬ್ಬು ಈ ಊರಿನ ಹವೆಗೆ ಧಾರಾಳವಾಗಿ ಹೂ ಬಿಡುತ್ತದೆ. ಹೂವಿಲ್ಲದೆ ತಳಿ ಬೆರೆಸುವುದು ಹೇಗೆ? ಇಲ್ಲಿನ ವಿಜ್ಞಾನಿಗಳಾದ ಬಾರ್ಬರ್, ವೆಂಕಟರಾಮನ್ ರಸದ ಕಬ್ಬಿಗೆ ಕಾಡುಹುಲ್ಲಿನ ಕಬ್ಬನ್ನು ಕೂಡಿಸಿ ತೆಗೆದ ಕೋ 205 ತಳಿ 1918ರಲ್ಲಿ ಹೊರಬಂತು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1930ರ ದಶಕದಲ್ಲಿ ಕೆಲಸ ಮಾಡಿದ್ದೂ ಇಲ್ಲೇ. ಮಂಡ್ಯದ ರೈತರು ವರ್ಷಗಟ್ಟಲೆ ನೆಟ್ಟ ಕೋ 62175, ಈಗ ಎಲ್ಲೆಲ್ಲೂ ಕಾಣುವ ಕೋ 86032, ಎರಡರ ತಲೆಯ ಮೇಲಿರುವ "ಕೋ" ಈ ಕೊಯಮತ್ತೂರೇ. ಅಮೆರಿಕದ ಕುಕ್ಕೀಸಿಗೆ ಬ್ರೌನ್ ಶುಗರ್ ಬೇಕು ಎನ್ನುತ್ತಾರೆ. ಕಾರ್ಖಾನೆಯವರು ಬೆಳ್ಳಗೆ ಮಾಡಿದ ಸಕ್ಕರೆಗೆ, ಅದರಿಂದಲೇ ಬಸಿದು ತೆಗೆದ ಕಾಕಂಬಿಯನ್ನು ತಿರುಗಿ ಸವರಿ ಮಾರುವ ವಸ್ತು ಅದು. ತೆಗೆಯುವುದೇಕೆ, ಹಾಕುವುದೇಕೆ? ಉಡುಮಲೈ ಕಡೆಯ ಆಲೆಮನೆಗಳಲ್ಲಿ ಪಾಕವನ್ನು ಅಚ್ಚಿಗೆ ಹೊಯ್ಯದೆ, ಆರುವವರೆಗೆ ಉಜ್ಜಿ ಉಜ್ಜಿ ಪುಡಿ ಮಾಡಿದ ನಾಟ್ಟು ಸಕ್ಕರೆ ಸಿಗುತ್ತದೆ. ನಮ್ಮ ಕಡೆಯ ಪುಡಿಬೆಲ್ಲವೇ. ಅದರಲ್ಲಿ ಕಾಕಂಬಿ ಕದಲದೆ ಇರುತ್ತದೆ. ತೇವ ಹಿಡಿದಿಟ್ಟುಕೊಂಡು ಬಿಸ್ಕತ್ತಿನ ನಡುಭಾಗವನ್ನು ಮೆತ್ತಗಿಡುತ್ತದೆ, ಬಣ್ಣವನ್ನೂ ಬೇಗ ಕೊಡುತ್ತದೆ. ಇದು 100 ಗ್ರಾಂ, ಅಂಚು ಗರಿಗರಿಯಾಗಲು ಬಿಳಿ ಸಕ್ಕರೆ 50 ಗ್ರಾಂ. ಕಲ್ಲು ಕಸ ಇದ್ದೀತು, ಜರಡಿ ಹಿಡಿಯಬೇಕು.

ಚಾಕೊಲೇಟು ಎಂದರೆ ಸ್ವಿಟ್ಜರ್ಲೆಂಡಿನ ಕಡೆಗೆ ಮುಖ ಮಾಡಿ ಕೈಮುಗಿಯುವ ಅಭ್ಯಾಸ ನಮಗಿನ್ನೂ ಹೋಗಿಲ್ಲ. ಪೊಳ್ಳಾಚಿ ದಾಟಿ ಆನೆಮಲೆಯ ಬುಡಕ್ಕೆ ಹೋದರೆ ತೆಂಗಿನ ತೋಟದ ನೆರಳಿನಲ್ಲಿ ಕೋಕೋ ಗಿಡಗಳು ಸಾಲಾಗಿ ನಿಂತಿರುತ್ತವೆ. ಕಾಯಿ ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಒಡೆದರೆ ಬಿಳಿ ತಿರುಳು, ಹುಳಿಸಿಹಿ. ಒಳಗಿನ ಬೀಜ ಕಹಿ. ತಿರುಳಿನ ಸಮೇತ ಬೀಜವನ್ನು ಮರದ ಪೆಟ್ಟಿಗೆಯಲ್ಲಿ ಬಾಳೆಲೆ ಮುಚ್ಚಿ ಐದಾರು ದಿನ ಹುಳಿಬರಿಸಿ, ಬಿಸಿಲಿಗೆ ಒಣಹಾಕಿದ ಮೇಲೆಯೇ ಚಾಕೊಲೇಟಿನ ವಾಸನೆ ಹುಟ್ಟುವುದು. ಈ ತೋಟಗಳಲ್ಲೇ ಬೆಳೆದು, ಇಲ್ಲೇ ಹುರಿದು ಅರೆದು, ಸೋಕ್ಲೆಟ್ ಎಂಬ ಹೆಸರಿನಲ್ಲಿ ಬಾರು ಮಾಡಿ ಮಾರುವವರಿದ್ದಾರೆ. ಕನ್ನಡದವರಿಗೆ ಇದು ಹೊಸ ಕಥೆಯಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆದವರು 1980ರ ದಶಕದ ಆರಂಭದಲ್ಲಿ ಕೊಳ್ಳುವವರಿಲ್ಲದೆ ಕೈಸುಟ್ಟುಕೊಂಡಾಗ, 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೋ ಬೀಜ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ರೈತರ ಸಹಕಾರ ಸಂಘವೊಂದು ಚಾಕೊಲೇಟ್ ಮಾಡಿದ್ದು ನನಗೆ ಇವತ್ತಿಗೂ ಹೆಮ್ಮೆಯ ಸಂಗತಿ. ಊರಿನಿಂದ ಬರುವವರಿಗೆ ನಾನು ಹೇಳಿ ತರಿಸಿಕೊಳ್ಳುವುದು ಮೈಸೂರ್‌ಪಾಕ್ ಅಲ್ಲ, ಕ್ಯಾಂಪ್ಕೋ ಬಾರು. 2024ರಲ್ಲಿ ಘಾನಾ, ಐವರಿ ಕೋಸ್ಟ್‌ಗಳಲ್ಲಿ ಬೆಳೆ ಕೈಕೊಟ್ಟು ಜಗತ್ತಿನ ಪೇಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿದಾಗ ಪೊಳ್ಳಾಚಿ ತೋಟದವರ ಮುಖ ಅರಳಿತು, ನಮ್ಮ ಬಾರು ಸಣ್ಣದಾಯಿತು.

ಇನ್ನೊಂದು ಸಂಗತಿಯನ್ನು ಈ ಊರಿನವರೇ ಸಾಕಷ್ಟು ಹೇಳಿಕೊಳ್ಳುವುದಿಲ್ಲ. ಇಡ್ಲಿ ಹಿಟ್ಟು ರುಬ್ಬುವ ಯಂತ್ರ 1950ರ ದಶಕದಲ್ಲಿ ರೂಪುಗೊಂಡದ್ದು ಕೊಯಮತ್ತೂರಿನಲ್ಲಿ. ಅದಕ್ಕೆ ಭೌಗೋಳಿಕ ಸೂಚಿಕೆಯ ಪಟ್ಟವೂ ಸಿಕ್ಕಿದೆ. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದಲ್ಲಿ ಮನೆಮಟ್ಟದಲ್ಲಿ ಚಾಕೊಲೇಟ್ ಮಾಡಹೊರಟವರಿಗೆ ಕೋಕೋ ಬೀಜವನ್ನು ನುಣ್ಣಗೆ ಅರೆಯುವ ಸಣ್ಣ ಯಂತ್ರ ಸಿಗಲಿಲ್ಲ. ಕಾರ್ಖಾನೆಯದು ದೊಡ್ಡದು, ಮಿಕ್ಸಿ ಸಾಲದು. ಕೊನೆಗೆ ಕೈಗೆ ಸಿಕ್ಕಿದ್ದು ನಮ್ಮ ಗ್ರೈಂಡರ್. ಅರ್ಧ ಗಂಟೆ ಉದ್ದು ರುಬ್ಬಲು ಹುಟ್ಟಿದ ಕಲ್ಲು ಒಂದೆರಡು ದಿನ ಬಿಡದೆ ಕೋಕೋ ಅರೆಯಬೇಕಾಯಿತು. ಅದಕ್ಕೆ ತಕ್ಕ ಮೋಟಾರು, ಬೇರಿಂಗು ಹಾಕಿ ಇಲ್ಲಿನ ವರ್ಕ್‌ಶಾಪಿನವರು ಮೆಲಾಂಜರ್ ಎಂಬ ಹೊಸ ಹೆಸರಿನಲ್ಲಿ ಕಳಿಸತೊಡಗಿದರು. ಇವತ್ತು ಯಾವ ದೇಶದ ಸಣ್ಣ ಚಾಕೊಲೇಟ್ ಅಂಗಡಿಯ ಹಿಂದಿನ ಕೋಣೆಗೆ ಹೋದರೂ ಕೊಯಮತ್ತೂರಿನ ಕಲ್ಲು ತಿರುಗುತ್ತಿರುವ ಸಂಭವ ಹೆಚ್ಚು. ಹೀಗಿರುವಾಗ ಚಾಕೊಲೇಟ್ ಬಿಸ್ಕತ್ತನ್ನು ಪರದೇಶದ ತಿಂಡಿ ಎಂದು ನಾನು ಒಪ್ಪಿಕೊಳ್ಳುವುದು ಹೇಗೆ?

ಹುಟ್ಟೂರು ಬೇರೆ ಎಂಬುದೇನೋ ನಿಜ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವಿಟ್ಮನ್ ಎಂಬ ಊರಿನಲ್ಲಿ ಟೋಲ್ ಹೌಸ್ ಎಂಬ ಹೋಟೆಲು ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಇದನ್ನು ಮೊದಲು ಮಾಡಿದವರು. ಅಡುಗೆ ಸಾಮಾನು ಮುಗಿದುಹೋಗಿ ಆಕಸ್ಮಿಕವಾಗಿ ಆಯಿತು ಎಂಬ ಕಥೆ ಎಲ್ಲ ಕಡೆ ಹರಡಿದೆ. ಗೃಹವಿಜ್ಞಾನ ಓದಿ, ಪಾಠ ಹೇಳಿ, ಹೋಟೆಲು ಕಟ್ಟಿದ ಹೆಂಗಸು ಅಂದಾಜಿನ ಮೇಲೆ ಹಿಟ್ಟು ಕಲಸುತ್ತಿದ್ದಳೆಂದು ನಂಬಲು ನಾನು ತಯಾರಿಲ್ಲ. ಗಂಡಸರು ಮಾಡಿದರೆ ಸಂಶೋಧನೆ, ಹೆಂಗಸರು ಮಾಡಿದರೆ ಅಕಸ್ಮಾತ್ತು. ಆಕೆ ಚಾಕೊಲೇಟ್ ಬಾರನ್ನು ತುಂಡು ಮಾಡಿ ಹಾಕಿದ್ದರು. ಕಾರ್ಖಾನೆಯ ಹನಿಯಾಕಾರದ ಚಿಪ್ಸ್ ಬಂದದ್ದು ಆಮೇಲೆ. ನಾನೂ ಬಾರನ್ನೇ ಚಾಕುವಿನಲ್ಲಿ ಕೊಚ್ಚುತ್ತೇನೆ, 150 ಗ್ರಾಂ. ದೊಡ್ಡ ತುಂಡು ಬಾಯಿಗೆ ಸಿಗುತ್ತದೆ, ಉದುರಿದ ಪುಡಿ ಹಿಟ್ಟಿನಲ್ಲಿ ಗೆರೆಗೆರೆಯಾಗಿ ಕೂತುಕೊಳ್ಳುತ್ತದೆ. ಆದರೆ ಕೋಕೋ ಬೆಣ್ಣೆ ಕರಗುವುದು 34 ಡಿಗ್ರಿಯ ಆಸುಪಾಸು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕೊಯಮತ್ತೂರಿನ ಮಧ್ಯಾಹ್ನ ಅದನ್ನು ದಾಟುತ್ತದೆ. ಕೊಚ್ಚುವ ಕೆಲಸ ಬೆಳಗಿನ ಜಾವವೇ ಆಗಬೇಕು. ಅಂಗಡಿಯಲ್ಲಿ ಎಂಥ ಬಿಸಿಲಿಗೂ ಜಗ್ಗದೆ ನಿಂತಿರುವ ಅಗ್ಗದ ಚಿಪ್ಸ್ ಕಂಡರೆ ಪೊಟ್ಟಣದ ಹಿಂದೆ ಓದಿ. ಕೋಕೋ ಬೆಣ್ಣೆಯ ಜಾಗದಲ್ಲಿ ತಾಳೆಯ ಕೊಬ್ಬಿರುತ್ತದೆ. ಬಾಯಲ್ಲೂ ಅದು ಅಷ್ಟೇ ಹಟದಿಂದ ನಿಲ್ಲುತ್ತದೆ.

ಕಲಸುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕಾಯಿಸಿದ ಬೆಣ್ಣೆ ಅಳೆದು 115 ಗ್ರಾಂ, ಆರಿದ ಮೇಲೆ ಎರಡೂ ಸಕ್ಕರೆ, ಒಂದು ಮೊಟ್ಟೆ. ಮೊಟ್ಟೆ ಬೇಡದ ಮನೆಗೆ ಮೂರು ಚಮಚ ಹಾಲು. ಮೊಟ್ಟೆಯಿಲ್ಲದೆ ಏನೆಲ್ಲ ಬೇಯಿಸಬಹುದು ಎಂದು ಹಾಸನದ ಕಡೆಯಿಂದ ಹೋದ ಅಯ್ಯಂಗಾರ್ ಬೇಕರಿಯವರು ಬೆಂಗಳೂರಿಗೆ ಯಾವತ್ತೋ ತೋರಿಸಿಕೊಟ್ಟಿದ್ದಾರೆ. ಮೈದಾ 110 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಚಿಟಿಕೆಗಿಂತ ಸ್ವಲ್ಪ ಧಾರಾಳವಾಗಿ. ಕೊನೆಗೆ ಓಟ್ಸ್, ಚಾಕೊಲೇಟು. ಕಲಸಿದ ಹಿಟ್ಟನ್ನು ತಕ್ಷಣ ಒಲೆಗೆ ಹಾಕದೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಓಟ್ಸ್ ತೇವ ಕುಡಿಯುತ್ತದೆ, ಬೆಣ್ಣೆ ಗಟ್ಟಿಯಾಗುತ್ತದೆ, ಬೆಲ್ಲದ ವಾಸನೆ ಕೂಡಿಕೊಳ್ಳುತ್ತದೆ. ಆ ರಾತ್ರಿ ಫ್ರಿಜ್ಜಿನ ಬಾಗಿಲು ಯಾಕೋ ಮತ್ತೆ ಮತ್ತೆ ತೆಗೆದುಕೊಳ್ಳುತ್ತಿರುತ್ತದೆ. ಬೆಳಿಗ್ಗೆ ಹಿಟ್ಟು ಒಂದು ಉಂಡೆಯಷ್ಟಾದರೂ ಕಡಿಮೆಯಿರುತ್ತದೆ. ಯಾರು ಎಂದು ಕೇಳಬಾರದು.

ಬೆಳಿಗ್ಗೆ ಎದ್ದು ಪೇಪರು ನೋಡಬೇಕು. ಇಲ್ಲಿ ತಿಂಗಳಿಗೊಂದು ದಿನ ಬೀದಿ ಬೀದಿಗೆ ಸರದಿಯಂತೆ ರಿಪೇರಿಗೆಂದು ಬೆಳಿಗ್ಗೆ ಒಂಬತ್ತಕ್ಕೆ ಕರೆಂಟ್ ತೆಗೆದರೆ ಬರುವುದು ಸಂಜೆಗೇ. ಶಟ್‌ಡೌನ್ ಅನ್ನುತ್ತಾರೆ. ಪಟ್ಟಿಯಲ್ಲಿ ನಮ್ಮ ಬಡಾವಣೆ ಇದ್ದರೆ ಓವನ್ ಮುಟ್ಟುವ ಹಾಗಿಲ್ಲ. 2012ರ ಸುಮಾರಿಗೆ ದಿನದಲ್ಲಿ ಕರೆಂಟ್ ಇರುವ ಗಂಟೆಗಳನ್ನೇ ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲದಲ್ಲಿ ಇಲ್ಲಿನ ಹೆಂಗಸರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಕಾಯಿಸಿ, ಒಳಗೊಂದು ತಟ್ಟೆಯಿಟ್ಟು ಗ್ಯಾಸಿನ ಮೇಲೇ ಕೇಕು ಮಾಡುವುದನ್ನು ಕಲಿತರು. ಬಿಸ್ಕತ್ತೂ ಆಗುತ್ತದೆ, ಒಂದು ಸಲಕ್ಕೆ ನಾಲ್ಕು. ತಾಳ್ಮೆ ಬೇಕು. ಓವನ್ ಆದರೆ 175 ಡಿಗ್ರಿ, ಹನ್ನೆರಡು ನಿಮಿಷ. ಅಂಚು ಕೆಂಪಾಗಿರಬೇಕು, ನಡುಭಾಗ ಇನ್ನೂ ಹಸಿಯೇ ಎನ್ನಿಸಬೇಕು. ಆಗಲೇ ಹೊರಗೆ ತೆಗೆದು ಬಿಸಿ ತಟ್ಟೆಯ ಮೇಲೇ ಬಿಡಬೇಕು, ಉಳಿದದ್ದನ್ನು ಆ ಶಾಖ ನೋಡಿಕೊಳ್ಳುತ್ತದೆ.

ತಂಗಿಯ ಮಗ ತಿರುಪ್ಪೂರಿನಲ್ಲಿ ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಮರ್ಚಂಡೈಸರ್. ಆ ಊರಿನಲ್ಲಿ ಸ್ಯಾಂಪಲ್ ಒಪ್ಪಿಗೆಯಾಗದೆ ಒಂದು ಗುಂಡಿಯೂ ಹೊಲಿಗೆಗೆ ಹೋಗುವುದಿಲ್ಲ. ಅವನಿಗೆ ಡಬ್ಬಿ ಕೊಟ್ಟರೆ ಮೊದಲು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ. "ದೊಡ್ಡಮ್ಮ, ಹೋದ ಸಲದ್ದಕ್ಕಿಂತ ಒಂದು ಶೇಡ್ ಡಾರ್ಕು." ಆಮೇಲೆ ಎರಡನ್ನು ಪಕ್ಕಪಕ್ಕ ಇಟ್ಟು ಅಗಲ ನೋಡುತ್ತಾನೆ. "ಸೈಜೂ ವೇರಿಯೇಷನ್ ಇದೆ." ಕೊನೆಗೆ "ಅಪ್ರೂವ್ಡ್" ಎಂದು ಡಬ್ಬಿಯ ಮುಚ್ಚಳ ಹಾಕಿಕೊಂಡು ಹೊರಡುತ್ತಾನೆ. ಡಬ್ಬಿ ಮಾತ್ರ ವಾಪಸ್ ಬರುವುದಿಲ್ಲ. ರಾಗಿ, ಸಜ್ಜೆ ಅವಲಕ್ಕಿಯಲ್ಲೂ ಮಾಡಿಕೊಡಿ, ಈಗ ಸಿರಿಧಾನ್ಯಕ್ಕೇ ಮಾರ್ಕೆಟ್ಟು ಎಂದು ಅವನು ಸಲಹೆ ಕೊಟ್ಟಿದ್ದ. ಮಾಡಿ ನೋಡಿದ್ದೇನೆ. ಸಜ್ಜೆ ಅವಲಕ್ಕಿ ಕುರುಕಲು, ಚೆನ್ನಾಗಿಯೇ ಇರುತ್ತದೆ. ಆದರೆ ಸಜ್ಜೆಯನ್ನು ನಮ್ಮವರು ಅಂಬಲಿ ಮಾಡಿ, ಮಜ್ಜಿಗೆ ಹೊಯ್ದು, ಸಾಂಬಾರ ಈರುಳ್ಳಿ ಕಡಿದುಕೊಂಡು ಸಂತೋಷವಾಗಿಯೇ ಉಣ್ಣುತ್ತಾರೆ. ಅದಕ್ಕೆ ಬೆಣ್ಣೆ, ಚಾಕೊಲೇಟಿನ ಶಿಫಾರಸು ಬೇಕಿಲ್ಲ. ಬೇಕಾಗಿರುವುದು ಓಟ್ಸಿಗೆ.

ಈಗ ಎದುರು ಮನೆಯ ಅಮ್ಮ. ಅವರಿಗೆ ಬಿಸ್ಕತ್ತು ಎಂದರೆ ಬೇಕರಿಯ ಬೆಣ್ಣೆ ಬಿಸ್ಕತ್ತು. ಮುರಿದರೆ ಟಕ್ ಎನ್ನಬೇಕು, ಚಹಾದಲ್ಲಿ ಅದ್ದಿದರೆ ಮಾತ್ರ ಮೆತ್ತಗಾಗಬೇಕು. ಮೊದಲು ಮಾಡಿ ಕಳಿಸಿದಾಗ ಸಂಜೆಯ ಹೊತ್ತಿಗೆ ತಟ್ಟೆ ಹಿಡಿದುಕೊಂಡು ತಾವೇ ಬಂದರು. ಮುರಿದ ಬಿಸ್ಕತ್ತಿನ ನಡುವನ್ನು ಬೆರಳಿನಲ್ಲಿ ಒತ್ತಿ ತೋರಿಸಿ, "ಬೆಂದಿಲ್ಲ ಕಣಮ್ಮ" ಅಂದರು.

"ಅದು ಹಂಗೇ ಇರಬೇಕಮ್ಮ. ಅಮೆರಿಕದಲ್ಲಿ ಹಂಗೇ ತಿನ್ನೋದು."

"ಅವರಿಗೆ ಆತುರ. ನಮಗೇನು ಆತುರ? ಇನ್ನೊಂದು ಚೂರು ಬೇಯಿಸಬಾರದಾ? ಒಂದು ಏಲಕ್ಕಿ ಹಾಕಬಾರದಾ?"

ಮೆತ್ತಗಿನ ನಡು, ಗರಿ ಅಂಚು, ಬೆಲ್ಲದ ತೇವ, ನಾನು ನನ್ನ ಶಾಸ್ತ್ರವನ್ನೆಲ್ಲ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಬೇಯದ್ದನ್ನು ಬೇಯದ್ದು ಎನ್ನಲು ಓದಿರಬೇಕಾಗಿಲ್ಲ ಎಂಬರ್ಥದ ನಗೆ ನಕ್ಕು, ಉಳಿದ ತುಂಡನ್ನೂ ಅಲ್ಲೇ ನಿಂತು ತಿಂದರು. ಅವರಿಗೆ ಓಟ್ಸ್ ತಿನ್ನಲು ಹೇಳಿದ ಡಾಕ್ಟರು ಈಗಲೂ ಕೇಳುತ್ತಾರಂತೆ, ತಿನ್ನುತ್ತಿದ್ದೀರಾ ಎಂದು. ಹೂಂ ಎನ್ನುತ್ತಾರಂತೆ. ಸುಳ್ಳೇನಲ್ಲ. ಏಲಕ್ಕಿಯ ವಿಷಯದಲ್ಲಿ ನಾನು ಸೋತಿಲ್ಲ. ಅವರ ಮನೆಗೆ ಹೋಗುವ ಆರು ಬಿಸ್ಕತ್ತನ್ನು ಮಾತ್ರ ತಟ್ಟೆಯ ಹಿಂದಿನ ಸಾಲಿನಲ್ಲಿಟ್ಟು, ಉಳಿದವನ್ನು ತೆಗೆದ ಮೇಲೂ ನಾಲ್ಕು ನಿಮಿಷ ಒಳಗೇ ಬಿಡುತ್ತೇನೆ.